ಹಳೆಯ ಗೋಡೆಪಟ್ಟಿ, ಹೊಸ ಬಣ್ಣ: ಕೋಣೆ ನವೀಕರಣದ ಕೆಲಸ ಮತ್ತು ಲೆಕ್ಕ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಲೋಕಾರ್ಪಣೆಗೊಂಡಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ ಹಾಗೂ ಶ್ರೀರಂಗಪಟ್ಟಣಗಳನ್ನು ಬಳಸಿ ಸಾಗುವ ಬೈಪಾಸ್‌ಗಳಿಂದಾಗಿ ದೂರದ ಪ್ರಯಾಣಿಕರು ಪಟ್ಟಣದೊಳಕ್ಕೆ ಬರಬೇಕಾದ ಅನಿವಾರ್ಯತೆ ತಪ್ಪಿತು. ದಾರಿಹೋಕರನ್ನು ನೆಚ್ಚಿಕೊಂಡಿದ್ದ ಹಳೆಯ ಹೆದ್ದಾರಿಯ ಹೋಟೆಲು, ವಸತಿಗೃಹಗಳಿಗೆ ಇದರ ಬಿಸಿ ತಟ್ಟಿರುವುದು ಎಲ್ಲರಿಗೂ ತಿಳಿದ ವಿಷಯ. ಇನ್ನು ಮುಂದೆ ಈ ವಸತಿಗೃಹಗಳು ಉಳಿಯಬೇಕಾದರೆ ಬೆಲ್ಲ, ಎಳನೀರು, ರೇಷ್ಮೆಯ ವಹಿವಾಟಿಗೆ ಬರುವ ವರ್ತಕರನ್ನು, ಮದುವೆಯ ನೆಂಟರನ್ನು, ಮಳವಳ್ಳಿ ಮಾರ್ಗವಾಗಿ ಶಿವನಸಮುದ್ರಕ್ಕೆ ಹೋಗುವ ಪ್ರವಾಸಿಗರನ್ನು ಅವಲಂಬಿಸಬೇಕು. ಇವರು ತಂಗುವ ಊರನ್ನು ತಾವೇ ಆರಿಸಿಕೊಳ್ಳುವವರು. ಕೋಣೆ ಚೆನ್ನಾಗಿಲ್ಲವೆಂದರೆ ಮುಂದಿನ ಊರಿಗೆ ಹೋಗುವವರು.

ಈ ಕಾರಣದಿಂದ ಹಲವು ಮಾಲೀಕರು ಮಲಗುವ ಕೋಣೆಗಳ ನವೀಕರಣಕ್ಕೆ ಕೈಹಾಕಿದ್ದಾರೆ. ಪೂರ್ಣ ಗೋಡೆಗೆ ಕಾಗದ ಅಂಟಿಸುವ ರೂಢಿ ಈ ಭಾಗದಲ್ಲಿ ವ್ಯಾಪಕವಾಗಿ ಇರಲಿಲ್ಲವಾದರೂ, ತಾರಸಿಯ ಕೆಳಗೆ ಅಥವಾ ಸೊಂಟದ ಎತ್ತರದಲ್ಲಿ ಹೂಬಳ್ಳಿಯ ಚಿತ್ರವುಳ್ಳ ನಾಲ್ಕಾರು ಅಂಗುಲ ಅಗಲದ ಪಟ್ಟಿಯನ್ನು ಸುತ್ತಲೂ ಅಂಟಿಸಿದ ಕೋಣೆಗಳು ಇಂದಿಗೂ ಕಾಣಸಿಗುತ್ತವೆ. ಬಣ್ಣ ಮಾಸಿ, ಮೂಲೆಗಳಲ್ಲಿ ಎದ್ದು, ಧೂಳು ತುಂಬಿದ ಈ ಪಟ್ಟಿಯನ್ನು ತೆಗೆಯುವುದು ಸಣ್ಣ ಕೆಲಸವೆಂದು ತೋರುತ್ತದೆ. ಆದರೆ ಇಲ್ಲಿ ಎರಡು ಬಗೆಯ ನಷ್ಟಕ್ಕೆ ಅವಕಾಶವಿದೆ. ಕೆಲಸದಲ್ಲಿ ಅವಸರ ಮಾಡಿದರೆ ಹೊಸ ಬಣ್ಣ ಒಂದೇ ವರ್ಷದಲ್ಲಿ ಸುಲಿದು ಬರಬಹುದು. ಲೆಕ್ಕದಲ್ಲಿ ಅಲಕ್ಷ್ಯ ಮಾಡಿದರೆ ನ್ಯಾಯವಾಗಿ ದೊರೆಯಬೇಕಾದ ತೆರಿಗೆ ವಿನಾಯಿತಿ ಕೈತಪ್ಪಬಹುದು. ಎರಡನ್ನೂ ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಪಟ್ಟಿಯ ಮೇಲೆಯೇ ಬಣ್ಣ ಬಳಿದರೆ ಏನು ದೋಷ?

ಪಟ್ಟಿಯನ್ನು ಹಾಗೆಯೇ ಬಿಟ್ಟು ಮೇಲೆ ಬಣ್ಣ ಬಳಿದರೆ ಒಂದು ದಿನದ ಕೂಲಿ ಉಳಿಯುತ್ತದೆಂಬ ಲೆಕ್ಕಾಚಾರ ಸಾಮಾನ್ಯ. ಇದು ತಪ್ಪು ಲೆಕ್ಕ. ಎಮಲ್ಷನ್ ಬಣ್ಣಗಳು ನೀರಿನ ಆಧಾರದವು. ಆ ನೀರನ್ನು ಹೀರಿಕೊಂಡ ಕಾಗದ ಉಬ್ಬುತ್ತದೆ, ಒಳಗಿನ ಅಂಟು ಮತ್ತೆ ಮೆದುವಾಗುತ್ತದೆ, ಒಣಗುವಾಗ ಗುಳ್ಳೆಗಳು ಉಳಿದುಬಿಡುತ್ತವೆ. ಪಟ್ಟಿಯ ಮೇಲಂಚು ಹಾಗೂ ಕೆಳಂಚುಗಳು ಎಷ್ಟು ಲೇಪನ ಕೊಟ್ಟರೂ ಗೆರೆಯಾಗಿ ಎದ್ದು ಕಾಣುತ್ತವೆ. ಕಾಗದದ ಅಚ್ಚಿನ ಬಣ್ಣ ಕೆಲವೊಮ್ಮೆ ಹೊಸ ಲೇಪನದ ಮೂಲಕ ಹೊರಕ್ಕೆ ಇಣುಕುತ್ತದೆ. ಹಿಟ್ಟಿನ ಅಂಟು ಬಳಸಿದ್ದಲ್ಲಿ, ತೇವ ತಗುಲಿದ ಕೂಡಲೆ ಅದು ಬೂಷ್ಟಿಗೆ ಆಹಾರವಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಪೂರ್ಣವಾಗಿ ತೆಗೆದು, ಅಂಟನ್ನು ತೊಳೆದ ಬಳಿಕವೇ ಮುಂದಿನ ಕೆಲಸ ಮಾಡತಕ್ಕದ್ದು.

ಮೊದಲು ಎರಡು ಪರೀಕ್ಷೆಗಳು

ಮೊದಲನೆಯದು ಪಟ್ಟಿಯ ಪರೀಕ್ಷೆ. ಮೇಲೆ ಒಂದೆರಡು ಹನಿ ನೀರು ಹಚ್ಚಿ ನೋಡಬೇಕು. ನೀರನ್ನು ಹೀರಿಕೊಂಡರೆ ಅದು ಸಾದಾ ಕಾಗದ. ಹನಿ ಹಾಗೆಯೇ ನಿಂತರೆ ಮೇಲೆ ವಿನೈಲ್ ಎಂಬ ಪ್ಲಾಸ್ಟಿಕ್ ಪೊರೆಯಿದೆ ಎಂದರ್ಥ. ಮೂಲೆಯನ್ನು ಮೆಲ್ಲಗೆ ಎತ್ತಿದಾಗ ಹಿಂಬದಿ ಜಿಗುಟಾಗಿಯೇ ಇದ್ದರೆ ಅದು ಸ್ಟಿಕ್ಕರ್ ಮಾದರಿಯ ಸ್ವಯಂ ಅಂಟುವ ಪಟ್ಟಿ. ಈ ಮೂರಕ್ಕೂ ತೆಗೆಯುವ ವಿಧಾನ ಬೇರೆ ಬೇರೆ.

ಎರಡನೆಯದು ಗೋಡೆಯ ಪರೀಕ್ಷೆ. ಒದ್ದೆ ಬಟ್ಟೆಯಿಂದ ಗೋಡೆಯನ್ನು ಉಜ್ಜಿದಾಗ ಬಣ್ಣ ಬಟ್ಟೆಗೆ ಬಂದರೆ ಅಡಿಯಲ್ಲಿ ಸುಣ್ಣ ಅಥವಾ ಪುಡಿ ಡಿಸ್ಟೆಂಪರ್ ಇದೆ ಎಂದು ತಿಳಿಯಬೇಕು. ಇಂತಹ ಗೋಡೆಯಲ್ಲಿ ಪಟ್ಟಿ ಸುಲಭವಾಗಿ ಬರುತ್ತದೆ, ಏಕೆಂದರೆ ಅಡಿಯ ಪದರವೇ ಸಡಿಲವಾಗಿರುತ್ತದೆ. ಆದರೆ ಆ ಸಡಿಲ ಪದರವನ್ನು ಇಡೀ ಗೋಡೆಯಿಂದ ಕೆರೆದು ತೆಗೆಯದೆ ಮೇಲೆ ಎಮಲ್ಷನ್ ಬಳಿದರೆ ಹೊಸ ಬಣ್ಣವೂ ಅದರೊಡನೆಯೇ ಉದುರುತ್ತದೆ. ಬಟ್ಟೆಗೆ ಬಣ್ಣ ಹತ್ತದಿದ್ದರೆ ಅಡಿಯಲ್ಲಿರುವುದು ಎಮಲ್ಷನ್ ಅಥವಾ ಎನಾಮೆಲ್. ಅಲ್ಲಿ ಪಟ್ಟಿಯ ಜಾಗಕ್ಕಷ್ಟೇ ವಿಶೇಷ ಗಮನ ಸಾಕು.

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ತಗ್ಗು ಬಡಾವಣೆಗಳಲ್ಲಿ ಗೋಡೆಯ ತೇವವನ್ನೂ ಪರಿಶೀಲಿಸುವುದು ಒಳಿತು. ಒಂದು ಅಡಿ ಚೌಕದ ಪಾಲಿಥಿನ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಒಳಬದಿಯಲ್ಲಿ ನೀರಿನ ಹನಿ ಕಂಡರೆ ತೇವವು ಗೋಡೆಯೊಳಗಿಂದಲೇ ಬರುತ್ತಿದೆ. ಆಗ ಕೊಳವೆಯ ಸೋರಿಕೆಯನ್ನೋ ಅಡಿಪಾಯದಿಂದ ಏರುವ ತೇವವನ್ನೋ ನಿವಾರಿಸದೆ ಬಣ್ಣಕ್ಕೆ ಹಣ ಹಾಕುವುದು ವ್ಯರ್ಥ. ಗೋಡೆಯ ಮೇಲೆ ಬಿಳಿಯ ಉಪ್ಪು ಪುಡಿಯಾಗಿ ಮೂಡಿದ್ದರೆ ಅದನ್ನು ನೀರಿನಿಂದ ತೊಳೆಯದೆ, ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕು. ನೀರು ತಗುಲಿದರೆ ಉಪ್ಪು ಕರಗಿ ಪುನಃ ಗಾರೆಯೊಳಕ್ಕೇ ಇಳಿಯುತ್ತದೆ.

ತೆಗೆಯುವ ವಿಧಾನ

ಮಂಚ, ಬೀರುಗಳನ್ನು ಕೋಣೆಯ ನಡುವಿಗೆ ಸರಿಸಿ ಹೊದಿಸಬೇಕು. ಸ್ವಿಚ್ ಬೋರ್ಡುಗಳ ಸಮೀಪ ನೀರು ಬಳಸುವುದರಿಂದ ಆ ಕೋಣೆಯ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸುವುದು ಕಡ್ಡಾಯ.

ಸಾದಾ ಕಾಗದವಾದರೆ ಬಿಸಿ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ಸ್ಪಂಜಿನಿಂದ ಪಟ್ಟಿಯನ್ನು ಚೆನ್ನಾಗಿ ತೋಯಿಸಬೇಕು. ಸಾಬೂನಿನ ಅಂಶವು ನೀರನ್ನು ಕಾಗದದೊಳಕ್ಕೆ ಇಳಿಸಲು ನೆರವಾಗುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ತೋಯಿಸಿ, ಅಗಲವಾದ ಪುಟ್ಟಿ ಬ್ಲೇಡನ್ನು ಗೋಡೆಗೆ ಓರೆಯಾಗಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಅಂಟಿಗೆ ನೀರು ಕುಡಿಯಲು ಕಾಲಾವಕಾಶ ಬೇಕು. ಇಲ್ಲಿ ಕೆಲಸ ಮಾಡುವುದು ಕಾಯುವಿಕೆಯೇ ಹೊರತು ಬಲವಲ್ಲ. ಬಲ ಪ್ರಯೋಗಿಸಿದರೆ ಗಾರೆಯಲ್ಲಿ ಗುಳಿ ಬಿದ್ದು, ಉಳಿದ ಕೂಲಿಗಿಂತ ಹೆಚ್ಚು ಹಣ ಪುಟ್ಟಿಗೆ ಹೋಗುತ್ತದೆ.

ವಿನೈಲ್ ಪೊರೆಯಿರುವ ಪಟ್ಟಿಯಲ್ಲಿ ನೀರು ಒಳಗಿಳಿಯುವುದಿಲ್ಲ. ಮೊದಲು ಮೂಲೆಯಿಂದ ಮೇಲಿನ ಪೊರೆಯನ್ನು ಮಾತ್ರ ನಿಧಾನವಾಗಿ ಸುಲಿಯಬೇಕು. ಗೋಡೆಯಲ್ಲಿ ಉಳಿಯುವ ತೆಳು ಕಾಗದವನ್ನು ಮೇಲಿನಂತೆಯೇ ತೋಯಿಸಿ ತೆಗೆಯಬಹುದು. ಪೊರೆ ಸುಲಿಯಲು ಬಾರದಿದ್ದರೆ ಅದರ ಮೇಲೆ ಮಾತ್ರ ತೆಳುವಾಗಿ ಗೀರಿ ನೀರಿಗೆ ದಾರಿ ಮಾಡಿಕೊಡಬೇಕು. ಗೀರು ಗೋಡೆಗೆ ತಗುಲಬಾರದು.

ಸ್ವಯಂ ಅಂಟುವ ಪಟ್ಟಿಯ ಅಂಟಿಗೆ ನೀರಿನಿಂದ ಪ್ರಯೋಜನವಿಲ್ಲ. ಕೂದಲು ಒಣಗಿಸುವ ಡ್ರೈಯರ್‌ನಿಂದ ಒಂದೊಂದು ಅಡಿಯಷ್ಟು ಭಾಗವನ್ನು ಬೆಚ್ಚಗಾಗಿಸುತ್ತಾ ಎಳೆದರೆ ಅಂಟು ಮೆದುವಾಗಿ ಬಿಟ್ಟುಕೊಡುತ್ತದೆ. ಇದಕ್ಕೆ ವಿದ್ಯುತ್ತನ್ನು ಬೇರೆ ಕೋಣೆಯಿಂದ ಪಡೆಯಬೇಕು ಹಾಗೂ ಗೋಡೆ ಒಣಗಿರಬೇಕು.

ಪಟ್ಟಿ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗೋಡೆಯಲ್ಲಿ ಉಳಿಯುವ ಕಣ್ಣಿಗೆ ಕಾಣದ ಅಂಟಿನ ಪದರವೇ ಮುಂದೆ ಬಣ್ಣ ಬಿರಿಯಲು ಮುಖ್ಯ ಕಾರಣ. ಬಿಸಿ ನೀರಿನಿಂದ ಕನಿಷ್ಠ ಎರಡು ಬಾರಿ, ನೀರನ್ನು ಬದಲಿಸುತ್ತಾ ಒರೆಸಬೇಕು. ಅಂಟು ಹಿಟ್ಟಿನದಾಗಿದ್ದರೆ ಔಷಧ ಅಂಗಡಿಯ ಟಿಂಚರ್ ಅಯೋಡಿನ್ನನ್ನು ನೀರಿನಲ್ಲಿ ತೆಳುವಾಗಿಸಿ ಒಂದು ಹನಿ ಹಚ್ಚಿ ನೋಡಬಹುದು. ಕಡುನೀಲಿ ಬಣ್ಣ ಬಂದರೆ ಪಿಷ್ಟ ಇನ್ನೂ ಉಳಿದಿದೆ ಎಂದು ಅರ್ಥ.

ಹಳೆಯ ಗೋಡೆ, ಬಾಗಿಲುಗಳಲ್ಲಿ ಎನಾಮೆಲ್ ಬಣ್ಣವಿದ್ದರೆ ಇನ್ನೊಂದು ಎಚ್ಚರ ಅಗತ್ಯ. ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್‌ನಿಂದ ಜಾರಿಗೆ ಬಂದವು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸದೆ, ಒದ್ದೆ ಮಾಡಿ ಉಜ್ಜಬೇಕು. ಮಕ್ಕಳನ್ನು ಅತ್ತ ಸುಳಿಯಗೊಡಬಾರದು. ಕೆಲಸಗಾರರಿಗೆ ಮುಖಗವಸು ಒದಗಿಸುವುದು ಮಾಲೀಕರ ಹೊಣೆ.

ಪಟ್ಟಿ ಇದ್ದ ಜಾಗ ಹೊರಗಿನ ಗೋಡೆಗಿಂತ ಸ್ವಲ್ಪ ತಗ್ಗಾಗಿರುವುದುಂಟು. ಪಟ್ಟಿಯನ್ನು ಬಿಟ್ಟು ಅದರ ಸುತ್ತಲೂ ಸಾರಿ ಸಾರಿ ಬಣ್ಣ ಬಳಿದದ್ದೇ ಇದಕ್ಕೆ ಕಾರಣ. ಆ ಅಂಚನ್ನು ಸ್ಯಾಂಡ್ ಪೇಪರಿನಿಂದ ಇಳಿಜಾರಾಗಿಸಿ, ಎರಡು ತೆಳು ಪದರ ಪುಟ್ಟಿ ಎಳೆದು, ಪೂರ್ಣವಾಗಿ ಒಣಗಿದ ಮೇಲೆ ಪ್ರೈಮರ್, ಅನಂತರ ಎರಡು ಲೇಪನ ಬಣ್ಣ ಕೊಡಬೇಕು. ಪಟ್ಟಿಯ ಅಡಿಯ ಬಣ್ಣ ಬಿಸಿಲು, ಹೊಗೆಗೆ ಮಾಸದೆ ಉಳಿದಿರುತ್ತದೆ. ಆದುದರಿಂದ ಆ ಜಾಗಕ್ಕೆ ಮಾತ್ರ ಬಣ್ಣ ಹಚ್ಚಿ ಕೈತೊಳೆದುಕೊಳ್ಳುವುದು ಸಾಧ್ಯವಾಗದು. ಇಡೀ ಗೋಡೆಯ ವೆಚ್ಚವನ್ನೇ ಅಂದಾಜಿಗೆ ಹಿಡಿಯಬೇಕು. 12 ಅಡಿಗೆ 10 ಅಡಿಯ, 10 ಅಡಿ ಎತ್ತರದ ಕೋಣೆಯ ಸುತ್ತಳತೆ 44 ಅಡಿ. ಅರ್ಧ ಅಡಿ ಅಗಲದ ಪಟ್ಟಿಯ ವಿಸ್ತೀರ್ಣ ಕೇವಲ 22 ಚದರಡಿಯಾದರೆ, ಬಾಗಿಲು ಕಿಟಕಿಗಳಿಗೆ 40 ಚದರಡಿ ಕಳೆದರೂ ಗೋಡೆಯ ವಿಸ್ತೀರ್ಣ 400 ಚದರಡಿ.

ಕೆಲಸದ ಕಾಲವನ್ನೂ ಯೋಚಿಸಿ ನಿಗದಿಪಡಿಸುವುದು ಲಾಭಕರ. ಮದುವೆಗಳಿಲ್ಲದ ಆಷಾಢದಲ್ಲಿ ಕೋಣೆಗಳು ಖಾಲಿಯಿದ್ದರೂ ಹವೆಯಲ್ಲಿ ತೇವವಿರುವುದರಿಂದ ಪುಟ್ಟಿ ಒಣಗುವುದು ನಿಧಾನ. ಧನುರ್ಮಾಸದಲ್ಲಿ ಮದುವೆಗಳೂ ಇಲ್ಲ, ಹವೆಯೂ ಒಣಗಿರುತ್ತದೆ. ಮದುವೆಯ ನೆಂಟರನ್ನೇ ನಂಬಿದ ವಸತಿಗೃಹಕ್ಕೆ ಆ ಅವಧಿ ಹೆಚ್ಚು ಅನುಕೂಲಕರ.

ಆದಾಯ ತೆರಿಗೆ: ದುರಸ್ತಿಯೋ, ಬಂಡವಾಳವೋ?

1961ರ ಆದಾಯ ತೆರಿಗೆ ಕಾಯ್ದೆಯ ಬದಲಿಗೆ ಬಂದಿರುವ 2025ರ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನಾಂಕ. ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯೇ ಹೊರತು ಇಲ್ಲಿ ಚರ್ಚಿಸುವ ತತ್ತ್ವಗಳು ಬದಲಾಗಿಲ್ಲ. ಓದುಗರಿಗೆ ಪರಿಚಿತವಾದ ಹಳೆಯ ಸಂಖ್ಯೆಗಳನ್ನೇ ಇಲ್ಲಿ ನೀಡಲಾಗಿದೆ.

ಹಳೆಯ ಕಾಯ್ದೆಯ ಕಲಂ 30ರಂತೆ ವ್ಯಾಪಾರಕ್ಕೆ ಬಳಸುವ ಸ್ವಂತ ಕಟ್ಟಡದ ಚಾಲ್ತಿ ದುರಸ್ತಿಯ ವೆಚ್ಚವನ್ನು ಆ ವರ್ಷದ ಲಾಭದಿಂದ ಪೂರ್ಣವಾಗಿ ಕಳೆಯಬಹುದು. ಬಂಡವಾಳ ಸ್ವರೂಪದ ವೆಚ್ಚಕ್ಕೆ ಈ ಸೌಲಭ್ಯವಿಲ್ಲ. ಅದನ್ನು ಆಸ್ತಿಯ ಲೆಕ್ಕಕ್ಕೆ ಸೇರಿಸಿ ವರ್ಷವರ್ಷವೂ ಸವಕಳಿಯನ್ನಷ್ಟೇ ಪಡೆಯಬೇಕು. ಚಾಲ್ತಿ ದುರಸ್ತಿ ಎಂದರೆ ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಕಾಪಾಡುವ ವೆಚ್ಚ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ಪಡೆಯುವ ವೆಚ್ಚವಲ್ಲ ಎಂಬುದು ನ್ಯಾಯಾಲಯಗಳು ಅನುಸರಿಸಿದ ಮಾನದಂಡ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಸಿನಿಮಾ ಮಂದಿರವೊಂದಕ್ಕೆ ಹೊಸ ಯಂತ್ರ, ಹೊಸ ಪೀಠೋಪಕರಣ, ಹೊಸ ವೈರಿಂಗ್ ಅಳವಡಿಸಿ, ಕಟ್ಟಡವನ್ನೂ ವ್ಯಾಪಕವಾಗಿ ದುರಸ್ತಿ ಮಾಡಲಾಗಿತ್ತು. ಇದು ಸಂಪೂರ್ಣ ನವೀಕರಣವೇ ಹೊರತು ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿತು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿಯೂ ಇದೇ ಮಾನದಂಡವನ್ನು ಎತ್ತಿಹಿಡಿಯಿತು.

ಇದರ ತಾತ್ಪರ್ಯ ಸ್ಪಷ್ಟ. ಹಳೆಯ ಪಟ್ಟಿ ತೆಗೆದು, ಪುಟ್ಟಿ ಎಳೆದು, ಮರುಬಣ್ಣ ಬಳಿಯುವುದು ತನ್ನಷ್ಟಕ್ಕೆ ದುರಸ್ತಿಯೇ. ಅದೇ ಕೆಲಸವನ್ನು ಹೊಸ ಸ್ನಾನಗೃಹ, ಹವಾನಿಯಂತ್ರಣ, ಹೊಸ ಮಂಚಗಳೊಡನೆ ಒಂದೇ ಗುತ್ತಿಗೆಯಲ್ಲಿ, ಒಂದೇ ಬಿಲ್ಲಿನಲ್ಲಿ "ಕೋಣೆ ನವೀಕರಣ" ಎಂದು ತೋರಿಸಿದರೆ ಇಡೀ ಮೊತ್ತವು ಬಂಡವಾಳ ವೆಚ್ಚವೆಂದು ಪರಿಗಣಿತವಾಗುವ ಅಪಾಯವಿದೆ.

ಉದಾಹರಣೆಗಾಗಿ ಪಾಲುದಾರಿಕೆ ಸಂಸ್ಥೆಯೊಂದರ ಹತ್ತು ಕೋಣೆಗಳ ವಸತಿಗೃಹವನ್ನು ಊಹಿಸಿಕೊಳ್ಳಬಹುದು. ಪಟ್ಟಿ ತೆಗೆದು ಬಣ್ಣ ಬಳಿಯುವ ಗುತ್ತಿಗೆಯ ಮೊತ್ತ ರೂ. 1,80,000; ಶೇ. 18ರ ಜಿ.ಎಸ್.ಟಿ. ರೂ. 32,400, ಒಟ್ಟು ರೂ. 2,12,400. ಇದು ದುರಸ್ತಿಯಾದರೆ ಪೂರ್ಣ ಮೊತ್ತ ಅದೇ ವರ್ಷ ಕಳೆಯುತ್ತದೆ. ಶೇ. 30ರ ದರದಲ್ಲಿ, ಸೆಸ್ ಬಿಟ್ಟು, ತೆರಿಗೆಯಲ್ಲಿ ರೂ. 63,720 ಉಳಿತಾಯ. ಬಂಡವಾಳವೆಂದು ತೋರಿಸಿದರೆ ಕಟ್ಟಡದ ಸವಕಳಿ ಶೇ. 10ರಂತೆ ಮೊದಲ ವರ್ಷ ರೂ. 21,240 ಮಾತ್ರ ಕಳೆಯುತ್ತದೆ. ಉಳಿತಾಯ ರೂ. 6,372. ಬಳಕೆಯ ಅವಧಿ 180 ದಿನಗಳಿಗಿಂತ ಕಡಿಮೆಯಿದ್ದರೆ ಇದರಲ್ಲೂ ಅರ್ಧ. ಉಳಿದ ಸವಕಳಿ ಮುಂದಿನ ವರ್ಷಗಳಲ್ಲಿ ಸಿಗುವುದಾದರೂ, ವಹಿವಾಟು ಕುಗ್ಗಿರುವ ವೇಳೆಯಲ್ಲಿ ಮೊದಲ ವರ್ಷದ ರೂ. 57,348 ವ್ಯತ್ಯಾಸವು ಸಣ್ಣದಲ್ಲ.

ಬಾಡಿಗೆ ಕಟ್ಟಡದಲ್ಲಿರುವವರು ಒಂದು ಅಂಶವನ್ನು ಗಮನಿಸಬೇಕು. ದುರಸ್ತಿಯ ವೆಚ್ಚವನ್ನು ತಾನೇ ಭರಿಸುವುದಾಗಿ ಬಾಡಿಗೆದಾರನು ಒಪ್ಪಿಕೊಂಡಿದ್ದರೆ ಕಲಂ 30ರಡಿ ಅದನ್ನು ಕಳೆಯಲು ಅವಕಾಶವಿದೆ. ಈ ಒಪ್ಪಂದವು ಬಾಡಿಗೆ ಕರಾರಿನಲ್ಲಿ ಬರಹ ರೂಪದಲ್ಲಿರುವುದು ಕ್ಷೇಮ. ಕಲಂ 44ಎಡಿ ಪ್ರಕಾರ ವಹಿವಾಟಿನ ಶೇ. 8 ಅಥವಾ ಶೇ. 6ರಂತೆ ಅಂದಾಜು ಲಾಭ ತೋರಿಸುವ ಸಣ್ಣ ವರ್ತಕರಿಗೆ ದುರಸ್ತಿಯ ಪ್ರತ್ಯೇಕ ಕಡಿತವಿಲ್ಲ. ಎಲ್ಲ ವೆಚ್ಚವೂ ಅದರಲ್ಲಿಯೇ ಅಡಕವೆಂದು ಕಾನೂನು ಭಾವಿಸುತ್ತದೆ.

ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆ

ಜಿ.ಎಸ್.ಟಿ. ಕಾಯ್ದೆಯ ಕಲಂ 17(5)ರ ಸಿ ಮತ್ತು ಡಿ ಖಂಡಗಳು ಸ್ಥಿರಾಸ್ತಿಯ ನಿರ್ಮಾಣಕ್ಕೆ ತೆತ್ತ ತೆರಿಗೆಯ ಜಮೆಯನ್ನು ನಿರ್ಬಂಧಿಸುತ್ತವೆ. ನಿರ್ಮಾಣವೆಂಬ ಪದದಲ್ಲಿ ನವೀಕರಣ, ಮಾರ್ಪಾಡು, ದುರಸ್ತಿಗಳೂ ಸೇರುತ್ತವೆ, ಆದರೆ ಲೆಕ್ಕಪುಸ್ತಕದಲ್ಲಿ ಬಂಡವಾಳವಾಗಿ ತೋರಿಸಿದ ಮಟ್ಟಿಗೆ ಮಾತ್ರ. ಆದುದರಿಂದ ಶೇ. 18ರ ತೆರಿಗೆ ವಿಧಿಸಿ ಮಾರುವ ಸಣ್ಣ ಕೈಗಾರಿಕೆಯೊಂದು ತನ್ನ ಕಚೇರಿ ಅಥವಾ ಅತಿಥಿ ಕೋಣೆಯ ಮರುಬಣ್ಣವನ್ನು ದುರಸ್ತಿ ವೆಚ್ಚವಾಗಿ ಬರೆದರೆ, ಮೇಲಿನ ಉದಾಹರಣೆಯ ರೂ. 32,400ನ್ನು ಈ ನಿರ್ಬಂಧವು ತಡೆಯುವುದಿಲ್ಲ. ಅದನ್ನೇ ಕಟ್ಟಡದ ಲೆಕ್ಕಕ್ಕೆ ಸೇರಿಸಿದರೆ ಜಮೆ ಇಲ್ಲ. ಜಮೆ ಪಡೆದ ತೆರಿಗೆಯನ್ನು ವೆಚ್ಚಕ್ಕೆ ಸೇರಿಸಿ ಆದಾಯ ತೆರಿಗೆಯಲ್ಲಿ ಮತ್ತೆ ಕಳೆಯುವಂತಿಲ್ಲವೆಂಬುದನ್ನೂ ಮರೆಯಬಾರದು.

ವಸತಿಗೃಹಗಳ ಸ್ಥಿತಿ ಬೇರೆ. ದಿನಕ್ಕೆ ರೂ. 7,500 ಮೀರದ ಕೋಣೆಗಳ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು, ಜೊತೆಗೆ ಹೂಡುವಳಿ ತೆರಿಗೆ ಜಮೆಯನ್ನೂ ನಿಲ್ಲಿಸಲಾಯಿತು. ಆದ್ದರಿಂದ ಇಂತಹ ವಸತಿಗೃಹಕ್ಕೆ ಬಣ್ಣದ ಮೇಲಿನ ತೆರಿಗೆಯೂ ವೆಚ್ಚವೇ. ನವೀಕರಣದ ಅಂದಾಜು ತಯಾರಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ಹಿಡಿಯಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೂ ಜಮೆ ಇಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ

ಮಂಡ್ಯ, ಮದ್ದೂರು, ಮಳವಳ್ಳಿಯ ಪೇಟೆ ಬೀದಿಗಳಲ್ಲಿ ಕೆಳಗೆ ಮಳಿಗೆ, ಮೇಲೆ ವಾಸದ ಮನೆ ಇರುವುದು ಸಾಮಾನ್ಯ. ಬಣ್ಣದ ಕೆಲಸ ಎರಡಕ್ಕೂ ಒಟ್ಟಿಗೆ ನಡೆಯುತ್ತದೆ, ಬಿಲ್ಲು ಮಾತ್ರ ಅಂಗಡಿಯ ಹೆಸರಿಗೆ ಬರುತ್ತದೆ. ಮನೆಯ ಮಲಗುವ ಕೋಣೆಯ ವೆಚ್ಚ ವ್ಯಾಪಾರದ ವೆಚ್ಚವಲ್ಲ. ಅದರ ತೆರಿಗೆ ಜಮೆಯೂ ವೈಯಕ್ತಿಕ ಬಳಕೆಯ ಕಾರಣ ನಿಷಿದ್ಧ. ಚದರಡಿಯ ಪ್ರಕಾರ ವಿಂಗಡಿಸಿ, ಮನೆಯ ಪಾಲನ್ನು ಮಾಲೀಕರ ಸ್ವಂತ ಖಾತೆಗೆ ಬರೆಯುವುದೇ ಸರಿಯಾದ ಕ್ರಮ. ಬಾಡಿಗೆಗೆ ಕೊಟ್ಟ ಮನೆಯಾದರೆ ಬಾಡಿಗೆ ಆದಾಯದಿಂದ ಶೇ. 30ರ ನಿಗದಿತ ಕಡಿತ ದೊರೆಯುತ್ತದೆ. ಬಣ್ಣಕ್ಕೆ ಎಷ್ಟೇ ಖರ್ಚಾದರೂ ಆ ಪ್ರಮಾಣ ಬದಲಾಗದು.

ಹಣ ಪಾವತಿ ಮತ್ತು ದಾಖಲೆ

ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದಾಗಿ ಕೊಟ್ಟ ವೆಚ್ಚವು ಕಲಂ 40ಎ(3)ರಂತೆ ತಿರಸ್ಕೃತವಾಗುತ್ತದೆ. ಬಣ್ಣದ ಮೇಸ್ತ್ರಿಗೆ ವಾರದ ಬಟವಾಡೆಯನ್ನು ಒಟ್ಟಿಗೆ ನಗದಿನಲ್ಲಿ ಕೊಡುವಾಗ ಈ ಮಿತಿ ಸುಲಭವಾಗಿ ದಾಟಿಹೋಗುತ್ತದೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಸುರಕ್ಷಿತ.

ಗುತ್ತಿಗೆಯ ಒಂದು ಪಾವತಿ ರೂ. 30,000 ಅಥವಾ ವರ್ಷದ ಒಟ್ಟು ಪಾವತಿ ರೂ. 1,00,000 ಮೀರಿದರೆ ಮೂಲದಲ್ಲಿಯೇ ತೆರಿಗೆ ಕಡಿತಗೊಳಿಸಬೇಕು. ಗುತ್ತಿಗೆದಾರನು ವ್ಯಕ್ತಿ ಅಥವಾ ಅವಿಭಕ್ತ ಕುಟುಂಬವಾದರೆ ಶೇ. 1, ಇತರರಿಗೆ ಶೇ. 2. ಪಾಲುದಾರಿಕೆ ಸಂಸ್ಥೆ, ಕಂಪನಿಗಳಿಗೆ ಇದು ಯಾವಾಗಲೂ ಅನ್ವಯ. ವ್ಯಕ್ತಿಗತ ವರ್ತಕರಿಗೆ ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ರೂಪಾಯಿ ಮೀರಿದ್ದರೆ ಅನ್ವಯ. ಬಿಲ್ಲಿನಲ್ಲಿ ಜಿ.ಎಸ್.ಟಿ.ಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದ ಮೊತ್ತಕ್ಕೆ ಕಡಿತ ಸಾಕು. ಮೇಲಿನ ಉದಾಹರಣೆಯಲ್ಲಿ ಮೇಸ್ತ್ರಿ ವ್ಯಕ್ತಿಯಾಗಿದ್ದರೆ ಕಡಿತ ಕೇವಲ ರೂ. 1,800. ಇದನ್ನು ಮರೆತರೆ ಆ ವೆಚ್ಚದ ಶೇ. 30ರಷ್ಟು ಭಾಗವು ಕಲಂ 40(ಎ)(ಐಎ) ಪ್ರಕಾರ ಆ ವರ್ಷ ತಿರಸ್ಕೃತವಾಗುತ್ತದೆ.

ಕೆಲಸ ಆರಂಭಿಸುವ ಮುನ್ನ ಕೋಣೆಗಳ ಛಾಯಾಚಿತ್ರ ತೆಗೆಸಿ ದಿನಾಂಕ ನಮೂದಿಸಿಡಬೇಕು. ಕಾರ್ಯಾದೇಶದಲ್ಲಿ "ಹಳೆಯ ಗೋಡೆಪಟ್ಟಿ ತೆಗೆದು, ಮೇಲ್ಮೈ ಸರಿಪಡಿಸಿ, ಮರುಬಣ್ಣ ಬಳಿಯುವುದು" ಎಂದು ನಡೆಯುವ ಕೆಲಸವನ್ನೇ ನಿಚ್ಚಳವಾಗಿ ಬರೆಯಬೇಕು. ಹೊಸ ಉಪಕರಣ, ಪೀಠೋಪಕರಣಗಳಿಗೆ ಬೇರೆ ಆದೇಶ, ಬೇರೆ ಬಿಲ್ಲು ಇರಬೇಕು. ದಿನಗೂಲಿಯವರ ಹಾಜರಿ ಹಾಗೂ ಸಹಿಯುಳ್ಳ ಬಟವಾಡೆ ಪಟ್ಟಿಯನ್ನು ಕಾಪಾಡಬೇಕು. ಬಂಡವಾಳ ವೆಚ್ಚಕ್ಕೆ ದುರಸ್ತಿಯ ಹೆಸರು ಕೊಟ್ಟ ಮಾತ್ರಕ್ಕೆ ಅದು ದುರಸ್ತಿಯಾಗದು. ಹಾಗೆಯೇ, ನಿಜವಾದ ದುರಸ್ತಿಯೂ ದಾಖಲೆಯಿಲ್ಲದೆ ದುರಸ್ತಿಯೆಂದು ಸಾಬೀತಾಗದು. ಗೋಡೆಯ ಕೆಲಸ ಆರಂಭಿಸುವ ಮುನ್ನವೇ ಗುತ್ತಿಗೆ ಹಾಗೂ ಬಿಲ್ಲುಗಳ ಸ್ವರೂಪವನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸಿ ನಿರ್ಧರಿಸಿಕೊಂಡರೆ ವರ್ಷಾಂತ್ಯದಲ್ಲಿ ತೊಡಕಿರದು.